ಹಳೆಯ ರಿವಾಲ್ವರಿನ ವಯಸ್ಸು ಯಾವುದರ ವಯಸ್ಸು?

ಹಳೆಯ ರಿವಾಲ್ವರುಗಳನ್ನು ಸಂಗ್ರಹಿಸುವವರು ಕೈಗೆ ಬಂದ ಆಯುಧದ ಬಗ್ಗೆ ಮೊದಲು ಕೇಳುವುದು ಅದು ಯಾವ ವರ್ಷದ್ದು ಎಂದು. ಅದರ ಬೆಲೆ, ಕಾನೂನಿನಲ್ಲಿ ಅದರ ಸ್ಥಾನ, ಇತಿಹಾಸದೊಡನೆ ಅದರ ನಂಟು ಎಲ್ಲವೂ ಈ ಉತ್ತರವನ್ನೇ ಅವಲಂಬಿಸಿರುವುದರಿಂದ ಪ್ರಶ್ನೆ ಸಹಜವಾದದ್ದೇ. ಆದರೆ ಬಿಚ್ಚಿ ಜೋಡಿಸಲು ಬರುವ, ಸವೆದ ಭಾಗಗಳನ್ನು ಬದಲಿಸುತ್ತ ಬಳಸುವ ವಸ್ತುವೊಂದರ ವಯಸ್ಸನ್ನು ಕೇಳಿದಾಗ, ಯಾವುದರ ವಯಸ್ಸು ಎಂಬ ಇನ್ನೊಂದು ಪ್ರಶ್ನೆಯೂ ಅದರೊಳಗೇ ಅಡಗಿರುತ್ತದೆ. ಅವಯವ, ಅಂದರೆ ಬಿಡಿಭಾಗ, ಮತ್ತು ಅವಯವಿ, ಅಂದರೆ ಭಾಗಗಳಿಂದಾದ ಇಡೀ ವಸ್ತು, ಇವೆರಡರ ಸಂಬಂಧ ಎಂಥದ್ದೆಂದು ಭಾರತೀಯ ದರ್ಶನಗಳು ನಡೆಸಿದ ದೀರ್ಘ ವಾದಕ್ಕೆ ಇಲ್ಲಿ ಒಳ್ಳೆಯ ಪರೀಕ್ಷೆಯೊಂದು ಸಿಗುತ್ತದೆ.

ಸ್ಯಾಮ್ಯುಯೆಲ್ ಕೋಲ್ಟನ ಕಂಪನಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ 1850ರಿಂದ 1873ರವರೆಗೆ ಸುಮಾರು 2,15,000ದಷ್ಟು ತಯಾರಿಸಿದ, ಸಂಗ್ರಾಹಕರು '1851ರ ನೇವಿ' ಎನ್ನುವ ಮಾದರಿ ಇದಕ್ಕೆ ತಕ್ಕ ಉದಾಹರಣೆ. ಮಲೆನಾಡಿನವರು ಬಲ್ಲ ಕೇಪಿನ ಕೋವಿಯ ಜಾತಿಗೆ ಸೇರಿದ ಈ ರಿವಾಲ್ವರಿನಲ್ಲಿ, ಸಿಲಿಂಡರಿನ ಆರು ಕೋಣೆಗಳಿಗೆ ಮುಂದಿನಿಂದ ಮದ್ದು, ಗುಂಡು ತುಂಬಿ ಹಿಂಬದಿಗೆ ಕೇಪು ಸಿಕ್ಕಿಸಬೇಕು. ನಳಿಗೆಯನ್ನು ಬಿಗಿಹಿಡಿಯುವುದು ಅಡ್ಡಲಾಗಿ ತೂರಿದ ಒಂದು ಬೆಣೆ. ಅದನ್ನು ಬಡಿದು ತೆಗೆದರೆ ನಳಿಗೆ, ಸಿಲಿಂಡರು, ಫ್ರೇಮು ಬೇರೆಬೇರೆಯಾಗಿ ಕೈಗೆ ಬರುತ್ತವೆ. ಒಂದೇ ಕ್ರಮಸಂಖ್ಯೆಯನ್ನು ನಳಿಗೆಯ ಬುಡ, ಫ್ರೇಮು, ಟ್ರಿಗರ್ ಗಾರ್ಡು, ಹಿಡಿಯ ಪಟ್ಟಿ, ಸಿಲಿಂಡರುಗಳ ಮೇಲೆ, ಕೊನೆಗೆ ಆ ಬೆಣೆಯ ಮೇಲೂ ಒತ್ತಿರುವುದರಿಂದ, ಎಲ್ಲ ಸಂಖ್ಯೆಗಳೂ ತಾಳೆಯಾಗುವ ರಿವಾಲ್ವರಿಗೆ ಸಂಗ್ರಾಹಕರಲ್ಲಿ ಹೆಚ್ಚಿನ ಮರ್ಯಾದೆ.

ಕಾಲನಿರ್ಣಯಕ್ಕೆ ಬಳಕೆಯಾಗುವ ಸಾಕ್ಷ್ಯಗಳನ್ನು ನ್ಯಾಯದರ್ಶನದ ಪ್ರಮಾಣಗಳಾಗಿ, ಎಂದರೆ ಸರಿಯಾದ ಅರಿವಿನ ಸಾಧನಗಳಾಗಿ, ವಿಂಗಡಿಸಿ ನೋಡಿದರೆ ಪ್ರತ್ಯಕ್ಷಕ್ಕೆ ದಕ್ಕುವುದು ಬಹಳ ಕಡಿಮೆ ಎಂಬುದು ತಿಳಿಯುತ್ತದೆ. ಕಣ್ಣಿಗೆ ಕಾಣುವುದು ಸಂಖ್ಯೆ ಮಾತ್ರ. ಅದರಿಂದ ವರ್ಷವನ್ನು ಪಡೆಯುವುದು ಅನುಮಾನ, ಅದಕ್ಕೆ ಆಧಾರವಾದ ಕೋಷ್ಟಕವನ್ನು ನಂಬುವುದು ಶಬ್ದಪ್ರಮಾಣ, ಅಂದರೆ ಆಪ್ತವಾಕ್ಯ. ಸಂಖ್ಯೆಯೂ ತಾನೇ ತಾನಾಗಿ ಮಾತನಾಡುವುದಿಲ್ಲ: ಕೋಲ್ಟನ ಲಂಡನ್ ಕಾರ್ಖಾನೆ ಇದೇ ಮಾದರಿಗೆ ತನ್ನದೇ ಸಂಖ್ಯಾಸರಣಿಯನ್ನು ಬಳಸಿದ್ದರಿಂದ ಒಂದೇ ಸಂಖ್ಯೆಯ ಎರಡು ನೇವಿಗಳು ಇರಲು ಸಾಧ್ಯ, ಅವನ್ನು ಬೇರ್ಪಡಿಸಲು ನಳಿಗೆಯ ಮೇಲಿನ ವಿಳಾಸವನ್ನೂ ಬ್ರಿಟಿಷ್ ಪರೀಕ್ಷಾ ಮುದ್ರೆಗಳನ್ನೂ ಓದಬೇಕಾಗುತ್ತದೆ. ಇನ್ನು ಸಿಲಿಂಡರಿನ ಸುತ್ತ ಕೆತ್ತಿದ ನೌಕಾಯುದ್ಧದ ಚಿತ್ರದ ಕೆಳಗೆ '16 ಮೇ 1843' ಎಂದಿರುತ್ತದೆ. ಅದು ಟೆಕ್ಸಾಸಿನ ನೌಕೆಗಳು ಮೆಕ್ಸಿಕೊದ ನೌಕೆಗಳೊಡನೆ ಕಾದಾಡಿದ ದಿನವೇ ಹೊರತು ಆಯುಧ ಹುಟ್ಟಿದ ದಿನವಲ್ಲ; ಹೊಸಬರು ಅದನ್ನೇ ಜನ್ಮದಿನವೆಂದು ಹಿಡಿದು ಬೀಗುವುದನ್ನು ಹೇತ್ವಾಭಾಸಕ್ಕೆ, ಅಂದರೆ ಹೇತುವಿನಂತೆ ತೋರಿಯೂ ಹೇತುವಲ್ಲದ್ದಕ್ಕೆ, ಪಾಠಪುಸ್ತಕದ ಉದಾಹರಣೆಯಾಗಿ ಕೊಡಬಹುದು.

ನಿಜವಾದ ತೊಡಕು ಇರುವುದು ಮಾರ್ಪಾಟಾದ ರಿವಾಲ್ವರುಗಳಲ್ಲಿ. ಹಿಂದಿನಿಂದ ತೋಟಾ ತುಂಬಲು ಬರುವ, ಆರಪಾರ ಕೊರೆದ ಸಿಲಿಂಡರಿನ ಪೇಟೆಂಟು 1855ರಿಂದ ರಾಲಿನ್ ವೈಟನ ಹೆಸರಿನಲ್ಲಿದ್ದು, ಅದರ ಬಳಕೆಯ ಹಕ್ಕು ಸ್ಮಿತ್ ಅಂಡ್ ವೆಸನ್ ಕಂಪನಿಯ ಕೈಯಲ್ಲಿತ್ತು. 1869ರಲ್ಲಿ ಅದರ ಅವಧಿ ಮುಗಿದ ಮೇಲೆ ಕೋಲ್ಟ್ ಕಂಪನಿ ತನ್ನ ಹಳೆಯ ಕೇಪಿನ ರಿವಾಲ್ವರುಗಳನ್ನು ತೋಟಾ ಬಳಸುವಂತೆ ತಾನೇ ಮಾರ್ಪಡಿಸತೊಡಗಿತು. ಹೀಗೆ ಮಾರ್ಪಟ್ಟ ನೇವಿಯಲ್ಲಿ ಗುಂಡು ಗಿಡಿಯುವ ಸನ್ನೆ ಹೋಗಿ ಖಾಲಿ ತೋಟಾ ಹೊರದಬ್ಬುವ ಕಡ್ಡಿ ಬಂದಿರುತ್ತದೆ, ಸುತ್ತಿಗೆಯ ಮೂತಿ ಬದಲಾಗಿರುತ್ತದೆ, 1860ರ ದಶಕದ ಸಂಖ್ಯೆಯ ಜೊತೆಗೆ 1871 ಮತ್ತು 1872ರ ಪೇಟೆಂಟ್ ದಿನಾಂಕಗಳೂ ಫ್ರೇಮಿನ ಮೇಲೆ ನಿಲ್ಲುತ್ತವೆ.

ಮಿಲಿಂದ ಮಹಾರಾಜನಿಗೆ ನಾಗಸೇನ ರಥವನ್ನು ಮುಂದಿಟ್ಟು ವಿವರಿಸಿದ ಬೌದ್ಧ ನಿಲುವಿನಂತೆ ಇಲ್ಲಿ ತೊಡಕೇ ಇಲ್ಲ. ರಥವೆಂಬುದು ಭಾಗಗಳನ್ನು ಆಶ್ರಯಿಸಿದ ವ್ಯವಹಾರದ ಹೆಸರಾಗಿರುವಂತೆ ರಿವಾಲ್ವರೂ ಒಂದು ಹೆಸರು, ವಯಸ್ಸನ್ನು ಭಾಗಗಳಲ್ಲೇ ಹುಡುಕಬೇಕು. ವೈಶೇಷಿಕರು ಅವಯವಿಯನ್ನು ಭಾಗಗಳಿಗಿಂತ ಬೇರೆಯಾದ ನಿಜವಸ್ತುವೆಂದು ಒಪ್ಪುತ್ತಾರೆ. ಆದರೆ ಬಟ್ಟೆಯಿಂದ ಒಂದು ನೂಲು ಹೋದರೂ ಮೊದಲಿನ ಬಟ್ಟೆ ನಾಶವಾಗಿ ಬೇರೊಂದು ಬಟ್ಟೆ ಹುಟ್ಟಿತೆಂಬುದು ಅವರ ಮತ. ಅದರಂತೆ, ಕಳೆದ ವಾರ ಒಂದು ತಿರುಪು ಬದಲಿಸಿದ ರಿವಾಲ್ವರಿಗೆ ಒಂದು ವಾರದ ವಯಸ್ಸು ಎನ್ನಬೇಕಾಗುತ್ತದೆ. ತರ್ಕಕ್ಕೆ ಇದು ಅಚ್ಚುಕಟ್ಟು, ಆದರೆ ಯಾವ ಸಂಗ್ರಾಹಕನೂ ಒಪ್ಪಲಾರ.

ಉಡುಪಿಯ ಮಧ್ವಾಚಾರ್ಯರ ಪರಂಪರೆಯ ವಿಂಗಡಣೆ ಇಲ್ಲಿ ಹೆಚ್ಚು ನೆರವಿಗೆ ಬರುತ್ತದೆ. ವಸ್ತು ಇರುವಷ್ಟು ಕಾಲವೂ ಅದರೊಡನೆ ಇರುವುದನ್ನು ಯಾವದ್ದ್ರವ್ಯಭಾವಿ ಎಂದೂ, ವಸ್ತು ಉಳಿದಿರುವಾಗಲೇ ಬಿಟ್ಟುಹೋಗಬಲ್ಲದ್ದನ್ನು ಅಯಾವದ್ದ್ರವ್ಯಭಾವಿ ಎಂದೂ ಕರೆದು, ಮೊದಲನೆಯದಕ್ಕೆ ವಸ್ತುವಿನೊಡನೆ ಅಭೇದವನ್ನೂ ಎರಡನೆಯದಕ್ಕೆ ಭೇದಾಭೇದವನ್ನೂ ಈ ಪರಂಪರೆ ಹೇಳುತ್ತದೆ. ಸ್ಪ್ರಿಂಗು ಬದಲಾದರೆ ಮನ್ನಿಸಿ, ಸಿಲಿಂಡರು ಬದಲಾದರೆ ಮುಖ ಸಿಂಡರಿಸಿ, ಫ್ರೇಮು ಬದಲಾದರೆ ಅದೇ ಆಯುಧವೆಂದು ಒಪ್ಪದಿರುವ ಸಂಗ್ರಾಹಕರ ವಾಡಿಕೆಗೆ ಈ ಚೌಕಟ್ಟಿನಲ್ಲಿ ಎಡೆಯಿದೆ. ಯಾವ ಭಾಗ ಯಾವ ಗುಂಪಿಗೆ ಸೇರುತ್ತದೆಂಬುದನ್ನು ಮಾತ್ರ ಆಯುಧವನ್ನೇ ನೋಡಿ ತೀರ್ಮಾನಿಸಬೇಕು.

ಕಾನೂನುಗಳೂ ತಮಗರಿವಿಲ್ಲದೆ ಪಕ್ಷ ವಹಿಸಿವೆ. ಅಮೆರಿಕದ 1968ರ ಕಾಯಿದೆ 1898ರಲ್ಲಿ ಅಥವಾ ಅದಕ್ಕೆ ಮೊದಲು ತಯಾರಾದದ್ದನ್ನು ಪುರಾತನವೆಂದು ಗಣಿಸುತ್ತದೆ, ಬರಿಯ ಫ್ರೇಮನ್ನೂ ಆಯುಧವೆಂದೇ ಕರೆಯುತ್ತದೆ. ಭಾರತದ 1972ರ ಪುರಾವಸ್ತು ಕಾಯಿದೆ ಸಾಮಾನ್ಯವಾಗಿ ಕೇಳುವುದು ವಸ್ತು ನೂರು ವರ್ಷಗಳಿಂದ ಅಸ್ತಿತ್ವದಲ್ಲಿದೆಯೇ ಎಂದು. ಮೊದಲನೆಯದಕ್ಕೆ ಹುಟ್ಟಿನ ವರ್ಷ ಸಾಕು, ಎರಡನೆಯದು ಈ ನೂರು ವರ್ಷವೂ ಅದು ಅದೇ ವಸ್ತುವಾಗಿ ಉಳಿದಿತ್ತೆಂಬುದನ್ನು ಒಪ್ಪಿಕೊಂಡೇ ಮುಂದುವರಿಯುತ್ತದೆ.

ಹಾಗೆ ಉಳಿದಿತ್ತೆಂಬುದಕ್ಕೆ ನೈಯಾಯಿಕರು ಕೊಡುವ ಆಧಾರ ಪ್ರತ್ಯಭಿಜ್ಞೆ, ಅಂದರೆ 'ಇದು ಅದೇ' ಎಂಬ ಗುರುತಿಸುವಿಕೆ. ದೀಪದ ಕುಡಿ ಕ್ಷಣಕ್ಷಣಕ್ಕೂ ಬೇರೆಯಾಗುತ್ತಿದ್ದರೂ ಅದೇ ಕುಡಿಯೆಂಬ ಭಾವನೆ ಹುಟ್ಟುತ್ತದಲ್ಲ ಎಂಬುದು ಬೌದ್ಧರ ಆಕ್ಷೇಪ. ಹಳೆಯ ಸಂಖ್ಯೆಯನ್ನು ಅರೆದು ತೆಗೆದು ಹೊಸದನ್ನು ಒತ್ತಿ, ಮೇಲೆ ಕಂದು ಬಣ್ಣ ಕಟ್ಟಿಸುವ ಕುಶಲಕರ್ಮಿಗಳು ಈ ಆಕ್ಷೇಪದ ಬಲವನ್ನು ಚೆನ್ನಾಗಿ ಬಲ್ಲರು. ಆದರೆ ಕಂಪನಿಯೇ ಮಾರ್ಪಡಿಸಿದ ನೇವಿಯಲ್ಲಿ ಮೋಸವಿಲ್ಲ, ಮರೆಮಾಚಿದ್ದೂ ಇಲ್ಲ. ಬದಲಾವಣೆಯ ದಿನಾಂಕವನ್ನು ಅದು ಮೈಮೇಲೆಯೇ ಹೊತ್ತಿದೆ. ಆದ್ದರಿಂದ ಅದನ್ನು ಎರಡು ವಯಸ್ಸುಗಳ ಒಂದೇ ವಸ್ತುವೆಂದು ಪಟ್ಟಿಯಲ್ಲಿ ಬರೆಯುವುದೇ ಸರಿ. ಒಂದು ನೇವಿಯ ಫ್ರೇಮು ಒಬ್ಬರಲ್ಲೂ ನಳಿಗೆ ಇನ್ನೊಬ್ಬರಲ್ಲೂ ಉಳಿದು, ಇಬ್ಬರೂ ಉಳಿದ ಭಾಗಗಳನ್ನು ಬೇರೆಡೆಯಿಂದ ತಂದು ಜೋಡಿಸಿಕೊಂಡಿದ್ದರೆ, ಫ್ರೇಮು ಉಳಿಸಿಕೊಂಡವರ ಪಾಲಿಗೆ ಹಳೆಯ ವರ್ಷ, ಮತ್ತೊಬ್ಬರ ಪಾಲಿಗೆ ಹಳೆಯದೊಂದು ನಳಿಗೆ ಮಾತ್ರ.