ಬೆರಳಚ್ಚು ಮತ್ತು ಆಪ್ತವಾಕ್ಯ

ನ್ಯಾಯದರ್ಶನವು ಯಥಾರ್ಥ ಜ್ಞಾನದ ಸಾಧನಗಳನ್ನು, ಅಂದರೆ ಪ್ರಮಾಣಗಳನ್ನು, ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕಾಗಿ ವಿಂಗಡಿಸಿ, ಶಬ್ದವೆಂದರೆ ಆಪ್ತನ ಉಪದೇಶವೆಂದು ನಿರೂಪಿಸುತ್ತದೆ. ವಿಷಯವನ್ನು ಸಾಕ್ಷಾತ್ತಾಗಿ ಅರಿತು, ಅರಿತದ್ದನ್ನು ಅರಿತಂತೆಯೇ ತಿಳಿಸಬಯಸುವವನು ಆಪ್ತ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಭಾಷ್ಯಕಾರ ವಾತ್ಸ್ಯಾಯನನು ಸ್ಪಷ್ಟಪಡಿಸಿರುವುದರಿಂದ, ಆಪ್ತತ್ವವನ್ನು ಕುಲದಿಂದಾಗಲಿ ಪದವಿಯಿಂದಾಗಲಿ ಅಳೆಯಲಾಗದು. ಸರ್ಕಾರವು ಕೋಟ್ಯಂತರ ಜನರಿಗೆ ಡಿಜಿಟಲ್ ಸೇವೆಯೊಂದನ್ನು ರೂಪಿಸುವಾಗ ಯಾರ ಮಾತು ಪ್ರಮಾಣ ಎಂಬ ಪ್ರಶ್ನೆಗೆ ಈ ಲಕ್ಷಣ ಇಂದಿಗೂ ನೇರವಾಗಿ ಅನ್ವಯಿಸುತ್ತದೆ.

ಆಧಾರ್ ಯೋಜನೆಯ ತಳದಲ್ಲಿದ್ದದ್ದು ಒಂದು ವ್ಯಾಪ್ತಿ, ಎಂದರೆ ಎಲ್ಲೆಡೆ ತಪ್ಪದೆ ನಿಲ್ಲಬೇಕಾದ ಸಂಬಂಧ: ಬೆರಳಿದ್ದಲ್ಲೆಲ್ಲ ಯಂತ್ರ ಓದಬಲ್ಲ ಅಚ್ಚೂ ಇರುತ್ತದೆ ಎಂಬುದು. ಭಾರತೀಯ ವಿಶಿಷ್ಟ ಗುರುತಿನ ಪ್ರಾಧಿಕಾರವು 2009ರಲ್ಲಿ ರಚಿಸಿದ ಬಯೋಮೆಟ್ರಿಕ್ ಮಾನದಂಡ ಸಮಿತಿಯ ತಜ್ಞರು, ಬೆರಳಚ್ಚಿನ ಗುಣಮಟ್ಟವು ಭಾರತದ ಪರಿಸ್ಥಿತಿಯಲ್ಲಿ ಆಳವಾದ ಅಧ್ಯಯನಕ್ಕೆ ಒಳಗಾಗಿಲ್ಲವೆಂದೂ, ಐದು ಕೋಟಿ ಜನರ ದತ್ತಾಂಶದ ನಿಖರತೆ ನೂರು ಕೋಟಿಗೆ ಸಲ್ಲುತ್ತದೆಯೇ ಎಂಬುದರ ವಿಶ್ಲೇಷಣೆ ಸಾಲದೆಂದೂ ವರದಿಯಲ್ಲಿ ದಾಖಲಿಸಿದರು. ತನ್ನ ಅರಿವಿನ ಗಡಿಯನ್ನೂ ಮರೆಮಾಚದೆ ಹೇಳುವುದು ಆಪ್ತನ ಧರ್ಮವಾದ್ದರಿಂದ, ಆ ಎರಡು ಒಪ್ಪಿಗೆಗಳು ವರದಿಯ ಅತ್ಯಂತ ಬೆಲೆಯುಳ್ಳ ಮಾತುಗಳು. 2010ರಲ್ಲಿ ಕರ್ನಾಟಕ, ಆಂಧ್ರಪ್ರದೇಶ, ಬಿಹಾರಗಳ ಗ್ರಾಮಗಳಲ್ಲಿ ಪ್ರಾಯೋಗಿಕ ನೋಂದಣಿ ನಡೆಯಿತು. ಹತ್ತು ಬೆರಳುಗಳ ಜೊತೆಗೆ ಕಣ್ಣಿನ ಪಾಪೆಯ ಚಿತ್ರವೂ ಸೇರಿತು.

ಆದರೆ ನೋಂದಣಿ ಬೇರೆ, ನ್ಯಾಯಬೆಲೆ ಅಂಗಡಿಯಲ್ಲಿ ತಿಂಗಳು ತಿಂಗಳೂ ಬೆರಳೊತ್ತಿ ಗುರುತು ಸಾಬೀತುಪಡಿಸುವುದು ಬೇರೆ. ಸಿಮೆಂಟು ಕಲಸಿಯೋ ಕಲ್ಲು ಒಡೆದೋ ವಯಸ್ಸಾಗಿಯೋ ಗೆರೆ ಸವೆದ ಬೆರಳನ್ನು ಯಂತ್ರ ಗುರುತಿಸದೆ ಹೋಗುವುದನ್ನು ಸಾಕ್ಷಾತ್ತಾಗಿ ಬಲ್ಲವರು ಆ ಬೆರಳಿನವರು ಮತ್ತು ಅಂಗಡಿಯವರು. ವಾತ್ಸ್ಯಾಯನನ ಲಕ್ಷಣದಂತೆ ಈ ವಿಷಯದಲ್ಲಿ ಅವರೂ ತಜ್ಞರೇ. ಸಂಖ್ಯಾಶಾಸ್ತ್ರವು ಗೆರೆ ಸವೆದ ಬೆರಳಿನವರನ್ನು ಶೇಕಡಾವಾರು ದೋಷವೆಂದು ಲೆಕ್ಕಕ್ಕೆ ಹಿಡಿದು ಮುಂದೆ ಸಾಗಬಹುದು. ತರ್ಕದ ಪರಿಭಾಷೆಯಲ್ಲಿ ಅವರಲ್ಲಿ ಪ್ರತಿಯೊಬ್ಬರೂ ಒಂದು ವ್ಯಭಿಚಾರ, ಎಂದರೆ ಬೆರಳೆಂಬ ಹೇತುವಿದ್ದೂ ಓದಬಲ್ಲ ಅಚ್ಚೆಂಬ ಸಾಧ್ಯ ಇಲ್ಲದ ನಿದರ್ಶನ. ವ್ಯಾಪ್ತಿ ಮುರಿಯಲು ಅಂಥದೊಂದು ಸಾಕು. ಅಕ್ಕಿಯಿಲ್ಲದೆ ಹಿಂದಿರುಗುವವಳಿಗೆ ಹಸಿವು ಇಡಿಯಾಗಿಯೇ ಬರುವುದರಿಂದ, ರಾಜ್ಯವು ಇಲ್ಲಿ ತರ್ಕದ ಕಠಿಣ ಅಳತೆಯನ್ನೇ ಒಪ್ಪಬೇಕಾಗುತ್ತದೆ. ಅಂಥ ನಿದರ್ಶನಗಳಿಗೆ ಕಿವಿಗೊಡುವುದು ಚರ್ಚೆಯ ಬಗೆಯನ್ನು ಅವಲಂಬಿಸಿದೆ: ನೈಯಾಯಿಕರು ತತ್ತ್ವನಿರ್ಣಯಕ್ಕಾಗಿ ನಡೆಯುವ ಚರ್ಚೆಯನ್ನು ವಾದವೆಂದೂ ಗೆಲುವಿಗಾಗಿ ನಡೆಯುವುದನ್ನು ಜಲ್ಪವೆಂದೂ ಬೇರ್ಪಡಿಸುತ್ತಾರೆ. ತೀರ್ಮಾನವನ್ನು ಮೊದಲೇ ಮಾಡಿಕೊಂಡು ಒಪ್ಪಿಗೆಯ ಮುದ್ರೆಗಾಗಿ ತಜ್ಞರನ್ನು ಕರೆಯುವ ಸಭೆ ಜಲ್ಪಕ್ಕೇ ಹತ್ತಿರ. ಯಂತ್ರ ಸೋತಾಗ ಪಡಿತರ ಕೊಡಲು ಬೇರೆ ದಾರಿ ಯಾವುದೆಂದು ಅಲ್ಲಿ ಯಾರೂ ಕೇಳುವುದಿಲ್ಲ.