ಕುರುಹು, ಅರಿವು ಮತ್ತು ಹೆಬ್ಬೆಟ್ಟು

ಶರಣ ಪರಿಭಾಷೆಯಲ್ಲಿ ‘ಕುರುಹು’ ಎಂದರೆ ಕಣ್ಣಿಗೆ ಕಾಣುವ ಗುರುತು, ‘ಅರಿವು’ ಎಂದರೆ ಆ ಗುರುತಿನ ನೆರವಿನಿಂದ ಮನುಷ್ಯ ತನ್ನನ್ನು ತಾನು ಕಂಡುಕೊಳ್ಳುವ ತಿಳಿವು. ಕುರುಹು ಅರಿವಿಗೆ ದಾರಿಯಾಗಬೇಕೇ ಹೊರತು ಅರಿವಿನ ಸ್ಥಾನದಲ್ಲಿ ತಾನೇ ಕೂರಬಾರದೆಂಬುದು ಹನ್ನೆರಡನೆಯ ಶತಮಾನದ ಶರಣರ, ಅವರಲ್ಲೂ ಅಲ್ಲಮಪ್ರಭುವಿನ, ನಿಲುವು. ಕೇಂದ್ರ ಸರ್ಕಾರ ಕಡ್ಡಾಯಗೊಳಿಸಿದ ಗುರುತಿನ ವ್ಯವಸ್ಥೆಯನ್ನು ರಾಜ್ಯವೊಂದು ವಿರೋಧಿಸಿದಾಗ ಅದನ್ನು ಒಕ್ಕೂಟ ವ್ಯವಸ್ಥೆಯ, ಅಂದರೆ ಕೇಂದ್ರ ಮತ್ತು ರಾಜ್ಯಗಳು ಅಧಿಕಾರ ಹಂಚಿಕೊಂಡಿರುವ ಆಡಳಿತದ, ಒಳಜಗಳವೆಂದು ನೋಡುವುದು ರೂಢಿಯಾಗಿದ್ದರೂ ಅದರ ತಳದಲ್ಲಿರುವುದು ಕುರುಹು, ಅರಿವುಗಳ ಈ ಹಳೆಯ ಪ್ರಶ್ನೆಯೇ.

ವಿಜಯಪುರ ಜಿಲ್ಲೆಯ ಮೋರಟಗಿ ಎಂಬ ಹಳ್ಳಿಗೆ ದೂರವಲ್ಲದ ಬಸವನ ಬಾಗೇವಾಡಿಯಲ್ಲಿ ಬಾಲಕ ಬಸವಣ್ಣ ಉಪನಯನವನ್ನು ನಿರಾಕರಿಸಿದನೆಂದು ಪರಂಪರೆ ಹೇಳುತ್ತದೆ. ಜನಿವಾರವನ್ನು ಒಲ್ಲೆನೆಂದವನು ಮುಂದೆ ಇಷ್ಟಲಿಂಗವನ್ನು ಧರಿಸಿದ. ಆದ್ದರಿಂದ ಅವನ ವಿರೋಧ ಕುರುಹು ಎಂಬುದಕ್ಕೇ ಆಗಿರಲಿಲ್ಲ. ಜನಿವಾರ ಹುಟ್ಟಿನ ಆಧಾರದ ಮೇಲೆ ಕೆಲವರನ್ನು ಒಳಗಿಟ್ಟು, ಹೆಣ್ಣನ್ನೂ ದುಡಿಯುವ ಜಾತಿಗಳನ್ನೂ ಹೊರಗಿಡುತ್ತಿತ್ತು. ಇಷ್ಟಲಿಂಗವಾದರೋ ಬೇಡಿ ಬಂದ ಯಾರಿಗೂ ದೊರೆಯುವಂಥದ್ದು, ಮತ್ತು ಅದನ್ನು ಅಂಗೈಯಲ್ಲಿರಿಸಿ ನೋಡುವವನು ಧರಿಸಿದವನೇ ಹೊರತು ಇನ್ನೊಬ್ಬನಲ್ಲ. ಒಪ್ಪಬಹುದಾದ ಕುರುಹಿಗೂ ಒಪ್ಪಲಾಗದ ಕುರುಹಿಗೂ ಇರುವ ವ್ಯತ್ಯಾಸ ಇಲ್ಲಿದೆ: ಅದು ಯಾರನ್ನು ಹೊರಗಿಡುತ್ತದೆ, ಮತ್ತು ಅದನ್ನು ಯಾರು ನೋಡುತ್ತಾರೆ?

ಗುರುತಿನ ಚೀಟಿಗೆ ಪ್ರತಿರೋಧವು ಧಾರ್ಮಿಕ ಸ್ವರೂಪ ತಾಳಿದ ದೊಡ್ಡ ಉದಾಹರಣೆ ದಕ್ಷಿಣ ಆಫ್ರಿಕಾದ್ದು. ಟ್ರಾನ್ಸ್‌ವಾಲ್ ಸರ್ಕಾರ ಭಾರತೀಯರಿಗೆ ಬೆರಳಚ್ಚಿನ ನೋಂದಣಿಯನ್ನು ಕಡ್ಡಾಯಗೊಳಿಸಲು ಹೊರಟಾಗ, 1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗ್‌ನ ಸಭೆ ದೇವರ ಹೆಸರಿನಲ್ಲಿ ಪ್ರತಿಜ್ಞೆ ಮಾಡಿತು. ಗಾಂಧೀಜಿಯ ಸತ್ಯಾಗ್ರಹ ಹುಟ್ಟಿದ್ದು ಅಲ್ಲಿಂದ. ರಾಜ್ಯಗಳೇ ಪ್ರತಿರೋಧಿಸಿದ ಉದಾಹರಣೆಗಳೂ ಇವೆ. ಅಮೆರಿಕದಲ್ಲಿ ಗುರುತಿನ ಚೀಟಿಗಳಿಗೆ ಕೇಂದ್ರದ ಮಾನದಂಡ ವಿಧಿಸಿದ 2005ರ ‘ರಿಯಲ್ ಐಡಿ’ ಕಾಯ್ದೆಯನ್ನು ಮೇನ್ ರಾಜ್ಯದ ಶಾಸನಸಭೆ 2007ರಲ್ಲಿ ತಿರಸ್ಕರಿಸಿತು, ಇತರ ರಾಜ್ಯಗಳೂ ಅದೇ ಹಾದಿ ಹಿಡಿದವು. ಆದರೂ 2025ರ ಮೇ 7ರಿಂದ ಆ ನಿಯಮ ವಿಮಾನ ನಿಲ್ದಾಣಗಳಲ್ಲಿ ಜಾರಿಗೆ ಬಂದಿತು. ಭಾರತದಲ್ಲಿ ಆಧಾರ್ ಜೋಡಣೆಯನ್ನು ಪ್ರಶ್ನಿಸಿ ಪಶ್ಚಿಮ ಬಂಗಾಳ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋದಾಗ, 2017ರ ಅಕ್ಟೋಬರ್‌ನಲ್ಲಿ ನ್ಯಾಯಾಲಯವು ಸಂಸತ್ತಿನ ಕಾಯ್ದೆಯನ್ನು ರಾಜ್ಯ ಹೇಗೆ ಪ್ರಶ್ನಿಸುತ್ತದೆಂದು ಕೇಳಿ, ಮುಖ್ಯಮಂತ್ರಿ ಬೇಕಾದರೆ ವ್ಯಕ್ತಿಯಾಗಿ ಬರಲಿ ಎಂದಿತು. ಕಾನೂನಿನ ತಾಂತ್ರಿಕ ಮಾತಾದರೂ ಇದರಲ್ಲೊಂದು ತತ್ವವಿದೆ: ಕುರುಹಿನ ಭಾರ ಬೀಳುವುದು ವ್ಯಕ್ತಿಯ ಮೇಲೆ, ಆದ್ದರಿಂದ ಬೇಡವೆನ್ನುವ ಮೊದಲ ಹಕ್ಕೂ ಅವನದೇ. ಹಾಗೆ ವ್ಯಕ್ತಿಯಾಗಿ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2012ರಲ್ಲಿ ಅವರು ಹೂಡಿದ ದಾವೆಯಿಂದಾಗಿಯೇ ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು; ಮರುವರ್ಷ ಐವರ ಪೀಠ ಬಹುಮತದಿಂದ ಆಧಾರನ್ನು ಎತ್ತಿಹಿಡಿಯಿತಾದರೂ ಖಾಸಗಿ ಕಂಪನಿಗಳು ಅದನ್ನು ಕೇಳುವುದಕ್ಕೆ ತಡೆ ಹಾಕಿತು.

ಆದರೆ ಸರ್ಕಾರದ ಸಹಾಯಧನ, ಪಡಿತರಗಳಿಗೆ ಆಧಾರ್ ಬೇಕೆಂಬ, ಆಧಾರ್ ಕಾಯ್ದೆಯ ಏಳನೆಯ ಕಲಮು ಉಳಿಯಿತು, ಮತ್ತು ವಿಜಯಪುರ ಜಿಲ್ಲೆಯ ಸಿಂದಗಿ, ಇಂಡಿ, ಮುದ್ದೇಬಿಹಾಳದ ಹಳ್ಳಿಗಳಿಗೆ ಮುಖ್ಯವಾದದ್ದು ಅದೇ. ಜೋಳದ ಹೊಲದಲ್ಲಿ ಕಳೆ ಕಿತ್ತು, ಮುಳ್ಳಿನ ಗಿಡದಿಂದ ನಿಂಬೆ ಬಿಡಿಸಿ, ಗುಳೆ ಹೋದ ಊರಿನಲ್ಲಿ ಕಲ್ಲು, ಸಿಮೆಂಟು ಹೊತ್ತ ಕೈಯ ಗೆರೆಗಳು ಸವೆಯುತ್ತವೆ. ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ಬೇಕಾದದ್ದು ಆ ಗೆರೆಗಳೇ. ದುಡಿಮೆಯನ್ನೇ ಪೂಜೆಯ ಮಟ್ಟಕ್ಕೇರಿಸಿದ ಕಾಯಕ ತತ್ವ ಹುಟ್ಟಿದ ನಾಡಿನಲ್ಲಿ, ಯಾರು ಹೆಚ್ಚು ಕಾಯಕ ಮಾಡಿದ್ದಾರೋ ಅವರ ಹೆಬ್ಬೆಟ್ಟನ್ನೇ ಯಂತ್ರ ಗುರುತಿಸದೆ ಹೋಗುವುದಾದರೆ, ಅದನ್ನು ತಾಂತ್ರಿಕ ದೋಷವೆಂದು ಕರೆದು ಬಿಡಲಾಗದು. ಅದು ಕುರುಹು ಅರಿವನ್ನು ಅಳಿಸಿದ ಸ್ಥಿತಿ, ಏಕೆಂದರೆ ಆ ಅಂಗಡಿಯವನಿಗೆ ಎದುರು ನಿಂತ ಮುದುಕಿ ಯಾರೆಂದು ಮೊದಲೇ ಗೊತ್ತಿರುತ್ತದೆ. 2017ರಲ್ಲಿ ಗೋಕರ್ಣದ ಬಡ ದಲಿತ ಕುಟುಂಬವೊಂದರ ಮೂವರು ಸಹೋದರರು ತೀರಿಕೊಂಡಾಗ, ಆಧಾರ್ ಜೋಡಣೆಯಾಗದೆ ಅವರ ಪಡಿತರ ನಿಂತಿತ್ತೆಂದು ಮಾನವ ಹಕ್ಕು ಕಾರ್ಯಕರ್ತರು ವರದಿ ಮಾಡಿದರು. ಸಾವಿನ ಕಾರಣದ ಬಗ್ಗೆ ಅಧಿಕಾರಿಗಳ ವಾದ ಬೇರೆಯಿತ್ತು.

ಹೀಗಿರುವಾಗ ರಾಜ್ಯಗಳ ಪ್ರತಿರೋಧಕ್ಕೆ ನೈತಿಕ ಬಲ ಬರುವುದು ದೆಹಲಿಯೊಂದಿಗಿನ ಜಗಳದಿಂದಲ್ಲ, ಹೊರಗುಳಿದವರ ಪರ ನಿಲ್ಲುವುದರಿಂದ. ಕರ್ನಾಟಕವೇ ‘ಕುಟುಂಬ’ ಎಂಬ ಹೆಸರಿನಲ್ಲಿ ತನ್ನದೇ ದತ್ತಾಂಶ ಕಣಜವನ್ನು ಕಟ್ಟಿಕೊಂಡಿದೆ, ಹಾಗಾಗಿ ಕೇಂದ್ರದ ಕಣ್ಣು ತಪ್ಪು, ರಾಜ್ಯದ ಕಣ್ಣು ಸರಿ ಎಂಬ ವಾದ ನಿಲ್ಲುವುದಿಲ್ಲ. ಆಧಾರ್ ಸಂಖ್ಯೆ ಇನ್ನೂ ದೊರೆಯದವರಿಗೆ ಬೇರೆ ಗುರುತಿನ ದಾರಿ ಒದಗಿಸಬೇಕೆಂದು ಏಳನೆಯ ಕಲಮೇ ಹೇಳುತ್ತದೆ. ಸಂಖ್ಯೆಯಿದ್ದೂ ಬೆರಳು ಹೊಂದದವರಿಗೆ ಅದೇ ನ್ಯಾಯ ಸಲ್ಲಬೇಕು. ಪಡಿತರ ಹಂಚುವುದು ರಾಜ್ಯದ ಕೈಯಲ್ಲೇ ಇರುವುದರಿಂದ, ಹೆಬ್ಬೆಟ್ಟು ಹೊಂದದ ದಿನವೂ ಅಕ್ಕಿ ನಿಲ್ಲಬಾರದು, ತಾಳೆ ನೋಡುವುದು ಆಮೇಲಾಗಲಿ ಎಂಬ ಆದೇಶವನ್ನು ಮೋರಟಗಿಯಿಂದ ಹಿಡಿದು ಪ್ರತಿಯೊಂದು ನ್ಯಾಯಬೆಲೆ ಅಂಗಡಿಯ ಗೋಡೆಯ ಮೇಲೂ ಸರ್ಕಾರ ಬರೆಸಲಿ.