ಮುಟ್ಟದೆ ಕೊಟ್ಟ ಮದ್ದು

ಒಬ್ಬ ವೈದ್ಯನು ರೋಗಿಯಿರುವ ಊರಿಗೆ ಬಂದು, ರೋಗದ ಹೆಸರನ್ನು ಹೇಳಿ, ಮದ್ದನ್ನೂ ಕಳುಹಿಸಿದ ಮೇಲೆ ತನ್ನ ಕರ್ತವ್ಯವನ್ನು ತೀರಿಸಿದವನಾದನೋ ಇಲ್ಲವೋ? ಈ ಪ್ರಶ್ನೆಯನ್ನು ಕೇಳಿದ ಕೂಡಲೆ ವಾಚಕರಲ್ಲಿ ಹೆಚ್ಚಿನವರು, ತೀರಿಸಿದನೇ ಸರಿ, ಇನ್ನೇನು ಬೇಕು ಅಂದಾರು. ಆದರೆ ಕೆಳಗಣ ಸಂಗತಿಯನ್ನು ಓದಿ ಆ ಮೇಲೆ ಉತ್ತರ ಕೊಡಬೇಕೆಂದು ಬೇಡಿಕೊಳ್ಳುತ್ತೇವೆ.

ಕಾಠಿಯಾವಾಡದ ಒಂದು ಹಳ್ಳಿಯಲ್ಲಿ ಅಸ್ಪೃಶ್ಯರೆಂದು ಎಣಿಸಲ್ಪಟ್ಟ ಜಾತಿಯ ಒಬ್ಬ ಶಾಲಾಮಾಸ್ತರನಿದ್ದನು. ಅವನ ಹೆಂಡತಿಯು ಮಗುವನ್ನು ಹೆತ್ತು ಎರಡು ದಿವಸಗಳಾಗುವಷ್ಟರಲ್ಲಿ ಕಾಯಿಲೆ ಬಿದ್ದಳು. ಉಸಿರಾಟ ಕಷ್ಟವಾಯಿತು, ಪಕ್ಕೆಗಳಲ್ಲಿ ನೋವು ಹುಟ್ಟಿತು. ಮಾಸ್ತರನು ವೈದ್ಯನನ್ನು ಕರೆಯಲು ಹೋದಾಗ ಅವನು, ನಿಮ್ಮ ಕೇರಿಗೆ ಬರಲಾರೆನು ಅಂದನು. ಊರ ಶೇಟನು ನಡುವೆ ಬಂದು ಹೇಳಿ, ಎರಡು ರೂಪಾಯಿ ಫೀಜಿಗೆ ಭರವಸೆಯಾದ ಮೇಲೆ ಒಪ್ಪಿದನು. ಆದರೆ ಕೇರಿಯ ಹೊರಗೆ ಮಾತ್ರವೇ ನೋಡುವೆನೆಂಬ ಷರತ್ತು ಹಾಕಿದನು. ಬಾಣಂತಿಯನ್ನೂ ಹಸುಗೂಸನ್ನೂ ಹೊರಗೆ ತಂದರು. ವೈದ್ಯನು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟನು, ಅವನು ಗಂಡನಿಗೆ ಕೊಟ್ಟನು, ಗಂಡನು ಹೆಂಡತಿಗೆ ಕೊಟ್ಟನು. ಅದು ಬಂದ ದಾರಿಯಲ್ಲೇ ಹಿಂದಕ್ಕೂ ಹೋಯಿತು. ರಾತ್ರಿ ಎಂಟು ಗಂಟೆಯ ಹೊತ್ತು. ವೈದ್ಯನು ದೀಪದ ಬೆಳಕಿನಲ್ಲಿ ಅದನ್ನು ನೋಡಿ, ನ್ಯುಮೋನಿಯಾ ಎಂದು ಹೇಳಿ ಹೊರಟುಹೋದನು, ಮದ್ದು ಕಳುಹಿಸಿದನು. ಆ ಮೇಲೆ ತಿರುಗಿ ಬಂದು ನೋಡಲಿಲ್ಲ. ಆ ಸ್ತ್ರೀಯು ಸತ್ತಳು. ಗಂಡನು ಬರೆದ ಕಾಗದವು 1929ನೆಯ ದಶಂಬರ 12ರ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಅಚ್ಚಾಯಿತು. ಡಾಕ್ಟರ್ ಅಂಬೇಡ್ಕರರು ತಮ್ಮ ಅನುಭವಗಳನ್ನು ಬರೆದಾಗ ಅದನ್ನೂ ಅವುಗಳ ಜೊತೆಗೆ ಸೇರಿಸಿದರು.

ಈ ವೈದ್ಯನ ಪಕ್ಷವಾಗಿ ಹೇಳತಕ್ಕದ್ದು ಏನೂ ಇಲ್ಲವೆಂದಲ್ಲ. ಅವನು ಬಾಗಿಲು ಮುಚ್ಚಿಕೊಂಡು ಕೂತವನಲ್ಲ. ನಾನು ಬರಲಿಲ್ಲವೋ, ಜ್ವರ ನೋಡಲಿಲ್ಲವೋ, ಮದ್ದು ಕೊಡಲಿಲ್ಲವೋ, ಎಂದು ಕೇಳಿದರೆ ಮೂರಕ್ಕೂ ಹೌದೆನ್ನಬೇಕು. ಇಂಥ ಮನುಷ್ಯನನ್ನು ಕ್ರೂರನೆಂದು ಕರೆದುಬಿಡುವದು ಸುಲಭ. ಆದರೆ ಅವನು ತನ್ನನ್ನು ದಯಾಳುವೆಂದೇ ಎಣಿಸಿಕೊಂಡಿದ್ದರೆ ಆಶ್ಚರ್ಯವಿಲ್ಲ. ನಾವು ವಿಚಾರಿಸಬೇಕಾದದ್ದು ಆ ದಯೆಯನ್ನೇ.

ವೈದ್ಯಶಾಸ್ತ್ರದಲ್ಲಿ ಕೈಯೆಂಬದು ಅಲಂಕಾರವಲ್ಲ. ನಾಡಿ ಹಿಡಿಯಬೇಕು, ಕಣ್ಣಿನ ಕೆಳರೆಪ್ಪೆಯನ್ನು ಎಳೆದು ರಕ್ತದ ಕೊರತೆಯನ್ನು ನೋಡಬೇಕು, ಎದೆಗೆ ಸ್ಟೆಥಸ್ಕೋಪು ಇಡಬೇಕು, ಬೆನ್ನಿನ ಮೇಲೆ ಬೆರಳಿಟ್ಟು ತಟ್ಟಿ ಶಬ್ದವನ್ನು ಕೇಳಬೇಕು. ಬಾಣಂತಿಗೆ ಜ್ವರ ಬಂದರೆ ಗರ್ಭಕೋಶಕ್ಕೆ ನಂಜು ತಗಲಿತೋ ಎಂದು ಹೊಟ್ಟೆಯನ್ನು ಒತ್ತಿ ನೋಡಬೇಕು. ಇವುಗಳಲ್ಲಿ ಒಂದನ್ನೂ ಮಾಡದೆ, ಮೂರು ಕೈ ದಾಟಿ ಬಂದ ಗಾಜಿನ ಕಡ್ಡಿಯನ್ನು ನೋಡಿ ಹೇಳಿದ ಮಾತು ನಿಜವಾಗಿದ್ದರೂ ಅದು ಊಹೆಯೇ ಸರಿ. ಹೀಗಿರಲಾಗಿ ಮುಟ್ಟದೆ ಇರುವದು ಬರೇ ಅವಮಾನವಲ್ಲ, ಅದು ಚಿಕಿತ್ಸೆಯನ್ನೇ ಅರ್ಧ ಮಾಡಿ ಕೊಡುವದಾಗಿದೆ. ದಾನವಾಗಿ ಕೊಡುವದನ್ನು ಕೊಡುವವನು ತನಗೆ ಮನಸ್ಸು ಬಂದಷ್ಟು ಕೊಡಬಹುದು. ಸಲ್ಲತಕ್ಕದ್ದನ್ನು ಹಾಗೆ ಕಡಿಮೆ ಮಾಡಿ ಕೊಡಲು ಯಾರಿಗೂ ಅಧಿಕಾರವಿಲ್ಲ. ಆ ವೈದ್ಯನ ದೋಷವು ಇಲ್ಲಿಯೇ ಉಂಟು: ಸಲ್ಲತಕ್ಕದ್ದನ್ನು ಅವನು ದಾನವೆಂದು ಎಣಿಸಿದನು. ರೂಪಾಯಿಗಳಿಗೆ ಮಾತ್ರ ಮೈಲಿಗೆ ತಗಲಲಿಲ್ಲ.

ಇದೆಲ್ಲಾ ಜಾತಿಯಿಂದಲ್ಲ, ಬಡತನದಿಂದ. ಬಡವನು ಯಾವ ಜಾತಿಯವನಾದರೂ ಕಷ್ಟಪಡುತ್ತಾನೆ, ಎಂದು ತಿಳಿದವರೇ ಹೇಳುವದುಂಟು. ಬಡವರ ಕಷ್ಟ ನಿಜ, ಅದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಆ ಮಾಸ್ತರನು ಓದಿದವನು, ಸಂಬಳದವನು. ಫೀಜಿನ ಹಣಕ್ಕೆ ಅವನಲ್ಲಿ ಕೊರತೆಯಿರಲಿಲ್ಲ. ಹಣವು ತೆರೆಯದಿದ್ದ ಬಾಗಿಲಿಗೆ ಬಡತನವು ಬೀಗವಾಗಿತ್ತೆಂದು ಹೇಗೆ ಹೇಳುವದು? 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹುಟ್ಟಿದ ಸಾವಿರ ಕೂಸುಗಳಲ್ಲಿ ಐದು ವರುಷ ತುಂಬುವ ಮೊದಲೇ ಸತ್ತವು ಪರಿಶಿಷ್ಟ ಜಾತಿಗಳಲ್ಲಿ 88. ಪರಿಶಿಷ್ಟ ಜಾತಿ, ಬುಡಕಟ್ಟು, ಹಿಂದುಳಿದ ವರ್ಗ ಇವುಗಳಿಗೆ ಸೇರದ ಮಿಕ್ಕವರಲ್ಲಿ 59. ಈ ಅಂತರದಲ್ಲಿ ಬಡತನದ ಪಾಲು ಬಹಳ ಉಂಟು. ಆದರೂ ಆ ಬಡತನವು ಕೇರಿಗೆ ಎಲ್ಲಿಂದ ಬಂತೆಂದು ಕೇಳಿದರೆ ತಿರುಗಿ ಜಾತಿಯ ಬಳಿಗೇ ಬಂದು ನಿಲ್ಲುತ್ತೇವೆ.

ಅದು ಹಳೇ ಕಾಲದ ಮಾತಾಯಿತು ಎನ್ನುವವರಿಗೆ ಇನ್ನೊಂದನ್ನು ತಿಳಿಸುತ್ತೇವೆ. 1950ರ ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಹಾಗಿದ್ದರೂ, 2006ರಲ್ಲಿ ಪ್ರಕಟವಾದ ಒಂದು ಗ್ರಂಥಕ್ಕಾಗಿ 11 ರಾಜ್ಯಗಳ 565 ಹಳ್ಳಿಗಳಲ್ಲಿ ವಿಚಾರಿಸಿದಾಗ, ಸುಮಾರು ಮೂರರಲ್ಲಿ ಒಂದು ಪಾಲು ಹಳ್ಳಿಗಳಲ್ಲಿ ಸರಕಾರದ ಆರೋಗ್ಯ ಕೆಲಸದವರು ದಲಿತರ ಮನೆಗಳಿಗೆ ಹೋಗುವದಿಲ್ಲವೆಂದು ಕಂಡುಬಂತು. ಯಾರೂ ಬಾಯಿಬಿಟ್ಟು ಇಲ್ಲವೆನ್ನಬೇಕಾಗಿಲ್ಲ. ಮಾತ್ರೆಯನ್ನು ಮೇಲಿನಿಂದ ಅಂಗೈಗೆ ಹಾಕಿದರೆ, ಸರತಿಯಲ್ಲಿ ಕಡೆಗೆ ನಿಲ್ಲಿಸಿದರೆ ಸಾಕು. ಹೀಗೆ ಒಂದೆರಡು ಸಲ ಆದ ತಾಯಿಯು ಮೂರನೆಯ ಸಲ ಕೂಸಿಗೆ ಜ್ವರ ಬಂದಾಗ, ನಾಳೆ ನೋಡೋಣ ಅನ್ನುತ್ತಾಳೆ. ಆ ಮೇಲೆ ನಾವೆಲ್ಲರೂ ಸೇರಿ, ಕೇರಿಯವರಿಗೆ ಬುದ್ಧಿಯಿಲ್ಲ, ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಬರುವದಿಲ್ಲ, ಎಂದು ಉಪದೇಶ ಮಾಡುತ್ತೇವೆ!

ಇದರಲ್ಲಿ ಇನ್ನೊಂದು ವಿಪರೀತವನ್ನೂ ನೋಡಿರಿ. ಉತ್ತರ ಹಿಂದುಸ್ಥಾನದ ಎಷ್ಟೋ ಹಳ್ಳಿಗಳಲ್ಲಿ ಮೇಲ್ಜಾತಿಯವರ ಮನೆಯ ಕೂಸಿನ ಹೊಕ್ಕುಳಬಳ್ಳಿಯನ್ನು ಕೊಯ್ಯುತ್ತಿದ್ದವಳು ಚಮ್ಮಾರರ ದಾಯಿ. ಹೆರಿಗೆಯು ಮೈಲಿಗೆಯ ಕೆಲಸವಾದದರಿಂದ ಆ ಕೈ ಬೇಕಾಯಿತು. ತಮ್ಮ ಜೀವ ಅಪಾಯದಲ್ಲಿದ್ದಾಗ ಮುಟ್ಟಬಹುದಾದ ಕೈಯು, ಅದೇ ಕೈಯವಳು ಕಾಯಿಲೆ ಬಿದ್ದಾಗ ಮುಟ್ಟಬಾರದ್ದಾಯಿತು. ಮಿಶನಿನ ಆಸ್ಪತ್ರೆಗಳು ಎಲ್ಲರನ್ನೂ ಸೇರಿಸಿಕೊಂಡವೆಂದು ನಾವು ಹೆಚ್ಚಳಪಡುವದುಂಟು, ಅದಕ್ಕೆ ಕಾರಣವೂ ಉಂಟು; ಆದರೆ ಹೊರ ಅಂಗಳದಲ್ಲಿ ಜಾತಿಗೊಂದು ಒಲೆ ಹೂಡಲು ಬಿಟ್ಟ ಆಸ್ಪತ್ರೆಗಳೂ ಇದ್ದವೆಂಬದನ್ನು ಮುಚ್ಚಿಡಬಾರದು. ಪುಣೆಯ ಸಾವಿತ್ರಿಬಾಯಿ ಫುಲೆಯವರು 1897ರ ಪ್ಲೇಗಿನಲ್ಲಿ ಮುಂಢವೆಯ ಮಹಾರರ ಹುಡುಗನೊಬ್ಬನನ್ನು ಬೆನ್ನಿನ ಮೇಲೆ ಹೊತ್ತು ತಮ್ಮ ಮಗನ ಚಿಕಿತ್ಸಾಲಯಕ್ಕೆ ತಂದರೆಂದು ಹೇಳುತ್ತಾರೆ. ಅದೇ ರೋಗ ತಗಲಿ ಅವರು ಮಾರ್ಚಿ 10ರಲ್ಲಿ ತೀರಿಹೋದರು. ಎಲ್ಲರಿಂದಲೂ ಅಷ್ಟನ್ನು ಕೇಳಲಾಗದು. ಕೇಳುವದು ನಾಡಿ ಹಿಡಿಯುವಷ್ಟನ್ನೇ.

ಕಾನೂನು ಈ ವಿಷಯದಲ್ಲಿ ನಾವು ಎಣಿಸುವದಕ್ಕಿಂತ ಮುಂದಾಗಿದೆ. 1955ರ ಕಾಯಿದೆಯ, ಅಂದರೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂದು ಹೆಸರು ಬದಲಾದದ್ದರ, 5ನೆಯ ಪ್ರಕರಣವು ಅಸ್ಪೃಶ್ಯತೆಯ ಕಾರಣದಿಂದ ಆಸ್ಪತ್ರೆಗೆ ಸೇರಿಸದೆ ಇದ್ದವನನ್ನು ಮಾತ್ರವಲ್ಲ, ಸೇರಿಸಿದ ಮೇಲೆ ಭೇದ ಮಾಡಿದವನನ್ನೂ ದಂಡಿಸುತ್ತದೆ. ಒಂದು ತಿಂಗಳಿಂದ ಆರು ತಿಂಗಳ ವರೆಗೆ ಸೆರೆ, ಅದರ ಮೇಲೆ ಜುಲ್ಮಾನೆ. ಇದನ್ನು ಪ್ರತಿಯೊಂದು ಕೇರಿಯಲ್ಲಿಯೂ ಓದಿ ಹೇಳತಕ್ಕದ್ದು. ಆದರೆ ಸುತ್ತಣ ಹತ್ತು ಹಳ್ಳಿಗಳಿಗೆ ಒಂದೇ ಆಸ್ಪತ್ರೆಯಿರುವಲ್ಲಿ, ದೂರು ಕೊಟ್ಟ ಸ್ತ್ರೀಯು ಮುಂದಿನ ವಾರ ಕೂಸಿನ ಚುಚ್ಚುಮದ್ದಿಗೆ ಅದೇ ದಾದಿಯ ಮುಂದೆ ಕೂತುಕೊಳ್ಳಬೇಕು. ಸರತಿಯಲ್ಲಿ ಅವಳ ಮುಂದೆ ನಿಂತು ಎಲ್ಲವನ್ನು ಕಂಡ ಬೇರೆ ಜಾತಿಯವರು ಸಾಕ್ಷಿಗೆ ಬರಬೇಕು. ನಮ್ಮ ವಾಚಕರಲ್ಲಿ ಅನೇಕರು ಅಂಥ ಸರತಿಗಳಲ್ಲಿ ನಿಲ್ಲುವವರೇ.